ಸಮುದ್ರದ ನೊರೆ

ಸಹೋದರರೇ, ದಿನಕ್ಕೆ 100 ಬಾರಿ ‘ಸುಬ್‌ಹಾನಲ್ಲಾಹಿ ವ ಬಿಹಮ್ದಿಹಿ’ ಎಂದವರ ಪಾಪಗಳು ಸಮುದ್ರದ ನೊರೆಯಷ್ಟಿದ್ದರೂ ಅಳಿಯುತ್ತವೆಂದು ಪ್ರವಾದಿ(ಸ) ತಿಳಿಸಿದ್ದಾರೆ (ಬುಖಾರಿ). ತಸ್ಬೀಹ್ ಹಿಡಿದು ಇದನ್ನು ಹೇಳುವ ನಮ್ಮ ಹಂಸಭಾವಿಯ ತಾಯಂದಿರಲ್ಲಿ ಎಷ್ಟು ಮಂದಿ ಆ ನೊರೆ ಕಂಡಿದ್ದಾರೆ? ಅವರಿಗೆ ಮದಗದ ಕೆರೆಯೇ ಸಮುದ್ರ.

ಯುವಕರೇ, ನೀವು ಗಾಡಿ ಮಾಡಿಕೊಂಡು ಮುರುಡೇಶ್ವರ, ಕಾರವಾರಕ್ಕೆ ಹೋಗಿ ಬಂದು ಮನಸ್ಸು ಹಗುರಾಯಿತು ಎನ್ನುತ್ತೀರಿ. ನಿಜವೇ. ಅಲೆಯ ಸದ್ದು ಕೇಳುತ್ತ ಕೂತರೆ ಅಂಗಡಿ ಸಾಲದ ಚಿಂತೆಯೂ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆದರೆ ಒಲೆಯ ಮುಂದೆ ಇರುವವರಿಗೂ ಮನಸ್ಸಿದೆ. ಅಮ್ಮೀಜಾನ್ ‘ಒಮ್ಮೆ ತೋರಿಸು ಬೇಟಾ’ ಎಂದಾಗ ನಾನು ಮುಂದಿನ ವರ್ಷ ಎಂದೆ. ಮುಂದಿನ ವರ್ಷ ಅವರು ಇರಲಿಲ್ಲ.

ಪ್ರವಾದಿ(ಸ) ಪ್ರಯಾಣದಲ್ಲಿ ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದರು. ಮೊದಲು ಆಯಿಶಾ(ರ) ಗೆದ್ದರು, ಮುಂದೊಮ್ಮೆ ಪ್ರವಾದಿ(ಸ) ಗೆದ್ದರು (ಅಬೂದಾವೂದ್). ಹೆಂಡತಿಯನ್ನು ಹೊರಗೆ ಕರೆದೊಯ್ಯಲು ಸಂಕೋಚಪಡುವವರು ಇದನ್ನು ಓದಲಿ.

ಮೊಣಕಾಲು ನೋವಿನ ತಾಯಿ ನೀರಿಗಿಳಿಯಬೇಕಿಲ್ಲ, ದಂಡೆಯಲ್ಲಿ ಒಂದು ಕುರ್ಚಿ ಸಾಕು. ಮಳೆಗಾಲದಲ್ಲಿ ಬೇಡ, ಆಗ ಕಡಲು ಯಾರ ಮಾತೂ ಕೇಳದು. ವುಝೂಗೆ ನೀರಿಲ್ಲವೆಂದು ನಮಾಝ್ ಬಿಡಬೇಡಿ. ಸಮುದ್ರದ ನೀರು ಪಾಕ್ ಎಂದು ಹದೀಸ್ ಇದೆ. ಪ್ರಯಾಣಿಕರಾದ್ದರಿಂದ ಝುಹ್ರ್, ಅಸ್ರ್ ಎರಡೆರಡು ರಕಅತ್.