ಬಯಲುಸೀಮೆಯ ಸೊಪ್ಪು

ಚಳ್ಳಕೆರೆ, ಮೊಳಕಾಲ್ಮೂರು ಎಂದೊಡನೆ ನಮ್ಮ ನೆನಪಿಗೆ ಬರುವುದು ಕಡಲೆಕಾಯಿ ಎಣ್ಣೆ, ಕಂಬಳಿ, ರೇಷ್ಮೆ ಸೀರೆ, ಸೊಪ್ಪಲ್ಲ. ನಾಡಿನಲ್ಲಿ ಬಹು ಕಡಮೆ ಮಳೆ ಬೀಳುವ ಸೀಮೆ ಅದು. ಆದರೂ ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು, ಅಲ್ಲಿನ ಹೊಲಗಳಲ್ಲಿ ಯಾರೂ ಬಿತ್ತದ ಅಣ್ಣೆಸೊಪ್ಪು, ಗೋಣಿಸೊಪ್ಪು, ಕೀರೆಸೊಪ್ಪುಗಳು ತಾವಾಗಿ ತಲೆಯೆತ್ತುತ್ತವೆ. ಕಳೆ ತೆಗೆಯಲು ಹೋದ ಹೆಂಗಸರು ಅವನ್ನು ಮಡಿಲಲ್ಲಿ ತುಂಬಿಕೊಂಡು ಬಂದು, ಬೇಳೆಯೊಡನೆ ಬೇಯಿಸಿ, ಮುದ್ದೆಗೆ ಸಾರು ಮಾಡುತ್ತಾರೆ. ಇದೇ ಬೆರಕೆಸೊಪ್ಪು. ಹೊಲಕ್ಕೆ ಔಷಧ ಹೊಡೆಯದಿದ್ದರೆ ಇದಕ್ಕಿಂತ ಸಾವಯವವಾದ ಆಹಾರವಿಲ್ಲ.

ನಗರದವರಾದ ನಾವಾದರೋ ‘ಸಾವಯವ’ ಎಂಬ ಚೀಟಿ ಅಂಟಿಸಿದ ಪಾಲಕ್ ಕಟ್ಟಿಗೆ ಹೆಚ್ಚು ಬೆಲೆ ಕೊಡುತ್ತೇವೆ. ಹಾಗೆ ಕೊಟ್ಟು ನಾವು ಪಡೆಯುವುದೇನೆಂದು ವಿಚಾರಿಸುವುದು ಉಚಿತ.

ಮೊದಲು ಗುಣವನ್ನು ನೋಡೋಣ. ನೂರು ಗ್ರಾಂ ಪಾಲಕಿನಲ್ಲಿ ಸುಮಾರು 2.7 ಮಿಲಿಗ್ರಾಂ ಕಬ್ಬಿಣವುಂಟು. ‘ಎ’ ಜೀವಸತ್ವವಾಗಿ ಮಾರ್ಪಡುವ ಕೆರೋಟಿನ್ ಉಂಟು. ಗರ್ಭಿಣಿಯರಿಗೆ ಅವಶ್ಯವಾದ ಫೋಲೇಟ್ ಉಂಟು. ಆದರೆ ಇದ್ದುದೆಲ್ಲವೂ ಮೈಗೆ ಹತ್ತುವುದಿಲ್ಲ. ಸೊಪ್ಪಿನಲ್ಲಿರುವ ಆಕ್ಸಾಲಿಕ್ ಆಮ್ಲವು ಸುಣ್ಣದಂಶವನ್ನು ಹಿಡಿದಿಡುತ್ತದೆ. ಹಾಲಿನ ಸುಣ್ಣದಂಶದಲ್ಲಿ ಕಾಲುಭಾಗಕ್ಕೂ ಮೇಲ್ಪಟ್ಟು ದೇಹಕ್ಕೆ ಸೇರಿದರೆ, ಪಾಲಕಿನದು ನೂರಕ್ಕೆ ಐದರಷ್ಟು ಮಾತ್ರ. ಸೊಪ್ಪಿನ ಕಬ್ಬಿಣವೂ ಅಲ್ಪವಾಗಿಯೇ ಒದಗುತ್ತದೆ. ನಿಂಬೆಯ ಹುಳಿ ಅದಕ್ಕೆ ನೆರವು. 2019-20ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಅಂಥವರಿಗೆ ಸೊಪ್ಪು ಸಹಾಯಕವೇ ಹೊರತು ವೈದ್ಯರು ಕೊಟ್ಟ ಮಾತ್ರೆಗೆ ಬದಲಲ್ಲ. ಕೆರೋಟಿನ್ ಮೈಗೂಡಲು ಎಣ್ಣೆ ಬೇಕು; ಚಳ್ಳಕೆರೆಯ ಕಡಲೆಕಾಯಿ ಎಣ್ಣೆಯ ಒಗ್ಗರಣೆ ಬಾಯಿರುಚಿಗೆ ಮಾತ್ರವಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಮೂತ್ರಪಿಂಡದಲ್ಲಿ ಕಲ್ಲಾಗುವ ಪ್ರಕೃತಿಯವರು ಪಾಲಕನ್ನೂ ಗೋಣಿಸೊಪ್ಪನ್ನೂ ಮಿತಿಯಲ್ಲಿ ತಿನ್ನಬೇಕು. ಬೇಯಿಸಿ ಬಸಿದರೆ ಆಕ್ಸಾಲಿಕ್ ಆಮ್ಲದ ಒಂದು ಭಾಗ ನೀರಿಗಿಳಿಯುತ್ತದೆ. ಅಂಥವರು ಆ ಬಸಿದ ನೀರಿನ ಬಸ್ಸಾರನ್ನು ಬಿಡುವುದು ಲೇಸು. ಉಳಿದವರು ಅದನ್ನು ಚೆಲ್ಲಬಾರದು. ಫೋಲೇಟ್ ಕೂಡ ಆ ನೀರಿನಲ್ಲಿಯೇ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ವೈದ್ಯರನ್ನು ಕೇಳದೆ ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಹೆಚ್ಚುಕಡಮೆ ಮಾಡಕೂಡದು.

ಈ ಗುಣದೋಷಗಳು ಸಾವಯವ ಸೊಪ್ಪಿಗೂ ಇತರ ಸೊಪ್ಪಿಗೂ ಬಹುಮಟ್ಟಿಗೆ ಸಮಾನವೇ. ಸಾವಯವ ಪದ್ಧತಿಯಿಂದ ಮುಖ್ಯವಾಗಿ ಕಡಮೆಯಾಗುವುದು ಎಲೆಯಲ್ಲುಳಿಯುವ ಕೀಟನಾಶಕದ ಅಂಶ. ಅದು ಅಲ್ಪ ಲಾಭವಲ್ಲ. ಆದರೆ ರೋಗಕ್ರಿಮಿಗೆ ಚೀಟಿಯ ಭೇದವಿಲ್ಲ. 2006ರಲ್ಲಿ ಅಮೆರಿಕದಲ್ಲಿ ಹಸಿ ಪಾಲಕಿನ ಮೂಲಕ ಇ. ಕೋಲಿ ಎಂಬ ಕ್ರಿಮಿ ಹರಡಿ, 26 ಸಂಸ್ಥಾನಗಳಲ್ಲಿ ಸುಮಾರು 200 ಮಂದಿ ಕಾಯಿಲೆ ಬಿದ್ದರು, ಮೂವರು ತೀರಿಕೊಂಡರು. ಆ ಸೊಪ್ಪು ಬೆಳೆದುದು ಸಾವಯವ ಕೃಷಿಗೆ ಮಾರ್ಪಡುತ್ತಿದ್ದ ಹೊಲದಲ್ಲಿ. ಸಮೀಪದ ದನಗಳ ಸಗಣಿಯಲ್ಲಿಯೂ ಕಾಡುಹಂದಿಗಳಲ್ಲಿಯೂ ಅದೇ ಕ್ರಿಮಿ ಕಂಡುಬಂದಿತು. ಆದುದರಿಂದ ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಸೊಪ್ಪನ್ನು ಒಂದೊಂದೆಲೆಯಾಗಿ ಹರಿಯುವ ನೀರಿನಲ್ಲಿ ತೊಳೆದು ಬೇಯಿಸಬೇಕು.

ಇನ್ನೊಂದು ಸಂಗತಿ ನೀರಿನದು. ಚಳ್ಳಕೆರೆ ಮೊಳಕಾಲ್ಮೂರುಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುವುದು, ದೊಡ್ಡವರ ಮೂಳೆ ಕೀಲುಗಳು ಬಿಗಿಯುವುದು ಇದರ ಫಲ. ಸಗಣಿಗೊಬ್ಬರ ಹಾಕಿದ ಮಾತ್ರಕ್ಕೆ ಈ ನೀರು ಶುದ್ಧವಾಗದು. ಕುದಿಸಿದರೂ ಫ್ಲೋರೈಡ್ ಹೋಗದು. ಅಲ್ಲಿ ಕುಡಿಯುವುದಕ್ಕೆಂತೋ ಸೊಪ್ಪು ಬೇಯಿಸುವುದಕ್ಕೂ ಅಂತೆಯೇ ಶುದ್ಧೀಕರಿಸಿದ ನೀರು ಬೇಕು.

ಇನ್ನು ಮುಂದೆ ಸೊಪ್ಪು ಕೊಳ್ಳುವಾಗ ನಾವು ಚೀಟಿಯನ್ನು ಓದಿ ಸುಮ್ಮನಾಗದೆ, ಯಾವ ನೀರು, ಎಂಥ ಗೊಬ್ಬರ, ಔಷಧ ಹೊಡೆದು ಎಷ್ಟು ದಿನವಾಯಿತು ಎಂದು ಕೇಳುವುದನ್ನು ಕಲಿಯೋಣ. ಮಾರುವವಳು ತಾನೇ ಕಿತ್ತು ತಂದವಳಾದರೆ ಈ ಮೂರಕ್ಕೂ ಉತ್ತರ ಅವಳಲ್ಲಿಯೇ ದೊರೆಯುವುದು.