ಶಾಲೆಗೆ ಬಂದ ಮಗು ಸುಖವಾಗಿ ಮನೆಗೆ ಮರಳಲಿ

(ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಸೇರಿದ್ದ ಪೋಷಕರ ಸಭೆಯಲ್ಲಿ ಅಲ್ಲಿನ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹೊಲದಲ್ಲಿ ಕೆಲಸ ತುಂಬಿರುವ ಈ ದಿನಗಳಲ್ಲಿ ನೀವು ಅರ್ಧ ದಿನದ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ನಿಮ್ಮ ಹೊತ್ತಿನ ಬೆಲೆ ನನಗೆ ಗೊತ್ತು. ಆದಕಾರಣ ಉಪಚಾರದ ಮಾತುಗಳನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೂರು ಸಂಗತಿಗಳನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಒಂದು, ಮಕ್ಕಳ ಸುರಕ್ಷತೆ, ಎರಡು, ಶಾಲೆಯಲ್ಲಿರುವ ಯಂತ್ರಗಳ ಪಾಲನೆ, ಮೂರು, ಆಟ. ಈ ಮೂರೂ ಉಪಾಧ್ಯಾಯರಿಂದ ಮಾತ್ರ ಆಗುವ ಕೆಲಸಗಳಲ್ಲ.

ಮೊದಲು ಸುರಕ್ಷತೆಯ ಮಾತು. 2013ನೆಯ ಇಸವಿ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡಿಗೆಯ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತೆಂದು ಪರೀಕ್ಷೆಯಿಂದ ತಿಳಿಯಿತು. ಎಣ್ಣೆಯ ಬಣ್ಣ, ವಾಸನೆ ಬೇರೆಯಾಗಿದೆ ಎಂದು ಅಡಿಗೆಯವರು ಹೇಳಿದರೂ ಅಡಿಗೆ ನಿಲ್ಲಲಿಲ್ಲವೆಂದು ಆಗ ವರದಿಯಾಯಿತು. ಆ ಔಷಧದ ಹೆಸರು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹತ್ತಿಗೆ, ತೊಗರಿಗೆ ಹೊಡೆದ ಕೈಗಳು ಇಲ್ಲಿಯೂ ಇವೆ.

ಇದರಿಂದ ನಾವು ಕಲಿಯಬೇಕಾದುದು ಎರಡು. ಶಾಲೆಯಲ್ಲಿ ಆಗಬೇಕಾದುದು ಇದು: ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ಉಂಡು ನೋಡಬೇಕು, ಅಡಿಗೆಯ ಅಮ್ಮ ‘ಇದು ಸರಿಯಿಲ್ಲ’ ಎಂದರೆ ಒಲೆ ಆರಬೇಕು. ನಮ್ಮ ಶಾಲೆಯಲ್ಲಿ ಆ ಮಾತಿಗೆ ನಾನೂ ಎದುರಾಡುವುದಿಲ್ಲ. ಒಂದು ದಿನ ಮಕ್ಕಳು ಬಾಳೆಹಣ್ಣು ತಿಂದು ಹೋದರೂ ಚಿಂತೆಯಿಲ್ಲ. ಮನೆಯಲ್ಲಿ ಆಗಬೇಕಾದುದು ಇದು: ಔಷಧದ ಡಬ್ಬಿ, ಕ್ಯಾನು ಬರಿದಾದ ಮೇಲೆ ಅದನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ಪಂಪಿಗೇ ಹಾಕಿ, ಡಬ್ಬಿಗೆ ತೂತು ಹೊಡೆದುಬಿಡಿ. ತೂತಿನ ಡಬ್ಬಿಯಲ್ಲಿ ಯಾರೂ ಎಣ್ಣೆ ತುಂಬುವುದಿಲ್ಲ. ಉಳಿದ ಔಷಧವನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಇಡುವ ಅಭ್ಯಾಸ ಕೆಲವರಿಗಿದೆ. ಮಗುವಿಗೆ ಬಾಟಲಿಯ ಆಕಾರ ಗೊತ್ತು, ಒಳಗಿನ ವಿಷ ಗೊತ್ತಿಲ್ಲ. ಔಷಧ ಅದು ಬಂದ ಡಬ್ಬಿಯಲ್ಲಿಯೇ, ಬೀಗದೊಳಗೆ ಇರಲಿ.

ಜುಲೈ 16ಕ್ಕೆ ಇನ್ನೊಂದು ನೆನಪೂ ಇದೆ. 2004ರಲ್ಲಿ ಅದೇ ದಿನ ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟು ಸತ್ತರು. ಆದುದರಿಂದಲೇ ನಮ್ಮ ಅಡಿಗೆಮನೆಯ ಪಕ್ಕದಲ್ಲಿ ಯಾರೂ ಮೇವಿನ ಬಣವೆ ಒಟ್ಟಬಾರದೆಂದು ಬೇಡುತ್ತೇನೆ. ಈಗ ಗೋಡೆಗೆ ತಗುಲಿದಂತೆ ಒಂದು ಬಣವೆ ಇದೆ. ಯಾರದೆಂದು ನಾನು ಹೇಳುವುದಿಲ್ಲ. ಭಾನುವಾರದೊಳಗೆ ಅದು ಅಲ್ಲಿಂದ ಹೋದರೆ ಸಾಕು.

ಇನ್ನು ನೀರಿನ ಮಾತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಊರಿನಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬ ಬೇಸಿಗೆ ರಜೆಯಲ್ಲಿ ಕೃಷಿ ಹೊಂಡಕ್ಕೆ ಇಳಿದ. ಅದು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ. ನೀರು ಅವನ ಎದೆಯುದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲು ನಿಲ್ಲಲಿಲ್ಲ. ಹತ್ತಲು ಹೋದಂತೆಲ್ಲ ಜಾರಿದ. ಜೊತೆಗಿದ್ದವನು ಓಡಿಹೋಗಿ ದೊಡ್ಡವರನ್ನು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶಾಲೆ ತೆರೆದ ದಿನ ಹೊಸ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುತ್ತಾ ಅವನ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ಅವನು ಓದಿನಲ್ಲಿ ಹಿಂದು, ಓಟದಲ್ಲಿ ಮುಂದು. ಇಂದಿಗೂ ಓಟದ ಪಂದ್ಯ ನಡೆದಾಗ ಅವನ ನೆನಪು ಬರುತ್ತದೆ.

ಹೊಂಡ ತೋಡಿಸಬೇಡಿ ಎಂದು ನಾನು ಹೇಳಲಾರೆ. ಮಳೆ ಕೈಕೊಟ್ಟಾಗ ಬೆಳೆ ಉಳಿಸುವುದು ಅದೇ. ಆದರೆ ಸುತ್ತ ಬೇಲಿ ಹಾಕಿಸಿ. ಬೇಲಿ ಬರುವ ತನಕ ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಮೇಲೆ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬೊಂದನ್ನು ಪಕ್ಕದಲ್ಲಿ ಇಡಿ. ಇದಕ್ಕೆ ತಗಲುವ ಖರ್ಚು ಒಂದು ಚೀಲ ಗೊಬ್ಬರದಷ್ಟೂ ಇಲ್ಲ. ಮಕ್ಕಳಿಗೆ ಒಂದು ಮಾತು ಕಲಿಸಿ: ಮುಳುಗುತ್ತಿರುವವನನ್ನು ಹಿಡಿಯಲು ತಾನೂ ಹಾರಬಾರದು, ಹಗ್ಗವನ್ನೋ ಟವಲನ್ನೋ ಎಸೆದು, ಕೂಗಿ ಕರೆಯಬೇಕು.

ಬತ್ತಿದ ಕೊಳವೆ ಬಾವಿಯದೂ ಇದೇ ಕತೆ. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಕೂಸು ಕೊಳವೆ ಬಾವಿಗೆ ಬಿದ್ದಿತು. ಸುಮಾರು 20 ಗಂಟೆ ಅಗೆದ ಮೇಲೆ ಜೀವಂತವಾಗಿ ಸಿಕ್ಕಿತು. ಎಲ್ಲ ತಾಯಂದಿರಿಗೂ ಆ ಭಾಗ್ಯ ದೊರೆತಿಲ್ಲ. ತೆರೆದ ಕೊಳವೆಗಳನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಹೇಳಿದೆ. ನೀರು ಬಾರದ ಕೊಳವೆಗೆ ಕಲ್ಲು ಇಟ್ಟು ಗೋಣಿ ಹೊದಿಸಿದರೆ ಮುಚ್ಚಿದಂತಾಗಲಿಲ್ಲ. ಮಣ್ಣು, ಕಲ್ಲು ತುಂಬಿ ಬಾಯಿಯವರೆಗೆ ಮುಚ್ಚಬೇಕು.

ಹಾವಿನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. 2019ರ ನವೆಂಬರಿನಲ್ಲಿ ಕೇರಳದ ವಯನಾಡಿನಲ್ಲಿ ಐದನೆಯ ತರಗತಿಯ ಹುಡುಗಿಗೆ ತರಗತಿಯ ಒಳಗೇ, ಬಿಲದಲ್ಲಿದ್ದ ಹಾವು ಕಚ್ಚಿತು. ಆಸ್ಪತ್ರೆಗೆ ಸಾಗಿಸುವುದು ತಡವಾಗಿ ಮಗು ತೀರಿಕೊಂಡಿತು. ನಮ್ಮ ಹಿಂದಿನ ಕೋಣೆಯ ಗೋಡೆಯಲ್ಲಿಯೂ ಅಂಥ ಎರಡು ಬಿಲಗಳಿವೆ. ಒಂದು ಬುಟ್ಟಿ ಸಿಮೆಂಟಿನ ಕೆಲಸ. ಹಾವು ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಕಾಲನ್ನು ಅಲುಗಿಸದೆ, ಮಗುವನ್ನು ನಡೆಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮಂತ್ರದವರ ಮನೆಯ ದಾರಿಯಲ್ಲಿ ಕಳೆದ ಗಂಟೆ ತಿರುಗಿ ಬಾರದು.

ಒಂದು ಮಾತು ತಾಯಂದಿರಿಗೆ. ‘ಅವರ ಜೊತೆ ಹೋಗುವುದಿಲ್ಲ’ ಎಂದು ಮಗು ಯಾರ ವಿಷಯವಾಗಿಯಾದರೂ ಹೇಳಿದರೆ ಗದರಬೇಡಿ, ಕೂರಿಸಿಕೊಂಡು ಕೇಳಿ. ಅದು ನೆಂಟರಾಗಿರಲಿ, ಉಪಾಧ್ಯಾಯರೇ ಆಗಿರಲಿ. ಮಕ್ಕಳನ್ನು ಕಾಪಾಡುವ ಕಾನೂನು 2012ರಿಂದ ಇದೆ. 1098ಕ್ಕೆ ಕರೆ ಮಾಡಿದರೆ ಸಹಾಯ ದೊರೆಯುತ್ತದೆ.

ಎರಡನೆಯದು ಯಂತ್ರಗಳ ಸಂಗತಿ. ದಾನಿಗಳ ಹಾಗೂ ಸರ್ಕಾರದ ಕೃಪೆಯಿಂದ ನಮ್ಮಲ್ಲಿ ಎರಡು ಕಂಪ್ಯೂಟರು, ಒಂದು ದೊಡ್ಡ ಟೆಲಿವಿಷನ್, ಕೆಲವು ಟ್ಯಾಬ್ಲೆಟ್ಟುಗಳು ಇವೆ. ನಾನು ಇಲ್ಲಿಗೆ ಬಂದಾಗ ಅವು ಬೀರುವಿನಲ್ಲಿ ಬೀಗದೊಳಗಿದ್ದವು. ಹಾಳಾದೀತೆಂಬ ಭಯದಿಂದ ಇಟ್ಟದ್ದು, ಇಟ್ಟಲ್ಲೇ ಹಾಳಾಗಿತ್ತು. ವರ್ಷಗಟ್ಟಲೆ ಚಾರ್ಜು ಕಾಣದ ಮೂರು ಟ್ಯಾಬ್ಲೆಟ್ಟುಗಳ ಬ್ಯಾಟರಿ ಸತ್ತಿತ್ತು. ಎತ್ತನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕಿದರೆ ಅದು ಉಳಿಯುವುದಿಲ್ಲ. ಮೇಯಿಸಿ, ಹೂಡಿ, ಮೈ ತೊಳೆಯಬೇಕು. ಯಂತ್ರಕ್ಕೂ ಅದೇ ನ್ಯಾಯ.

ಮಕ್ಕಳಿಗೆ ನಾವು ಕಲಿಸಿರುವ ನಿಯಮಗಳನ್ನು ಕೇಳಿ. ಮನೆಯ ಮೊಬೈಲಿಗೂ ಅವು ಸಲ್ಲುತ್ತವೆ. ಒಣಗಿದ, ಶುಭ್ರವಾದ ಕೈಯಿಂದ ಮುಟ್ಟಬೇಕು. ಧೂಳನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ನೀರು ಚಿಮುಕಿಸಬಾರದು. ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು. ಬ್ಯಾಟರಿಗೆ ಬಿಸಿಯೇ ಶತ್ರು. ಹಾಸಿಗೆ, ದಿಂಬಿನ ಕೆಳಗೆ ಚಾರ್ಜಿಗೆ ಹಾಕಬಾರದು. ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚದೆ, ಚಾರ್ಜು ಮಾಡದೆ, ದೊಡ್ಡವರಿಗೆ ಕೊಡಬೇಕು. ದೀರ್ಘ ರಜೆಗೆ ಮುನ್ನ ಅರ್ಧದಷ್ಟು ಚಾರ್ಜು ಮಾಡಿ ಆರಿಸಿಡಬೇಕು. ವಯರು ಹರಿದದ್ದು ಕಂಡರೆ ಮುಟ್ಟದೆ ಹೇಳಬೇಕು.

ಇಲ್ಲಿ ನಿಮ್ಮಿಂದ ಆಗಬೇಕಾದ ಕೆಲಸವೂ ಒಂದಿದೆ. ಪಂಪುಸೆಟ್ಟುಗಳೆಲ್ಲ ಒಮ್ಮೆಗೇ ಓಡುವಾಗ ವೋಲ್ಟೇಜು ಇಳಿಯುತ್ತದೆ, ನಿಂತಾಗ ಏರುತ್ತದೆ. ಇದರಿಂದ ಮೋಟಾರು ಸುಟ್ಟು ನೀವು ಎಷ್ಟು ಸಲ ಪೇಟೆಗೆ ಹೊತ್ತಿದ್ದೀರೋ ನಿಮಗೇ ಗೊತ್ತು. ಕಂಪ್ಯೂಟರು ಮೋಟಾರಿಗಿಂತ ಸುಕುಮಾರ. ಒಂದು ಸ್ಟೆಬಿಲೈಸರು ಬೇಕು. ಶಾಲೆಯ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ ತೇವವಾಗಿಡಬೇಕು. ವಯರಿಂಗ್ ಬಲ್ಲ ಯುವಕರು ಊರಿನಲ್ಲಿದ್ದಾರೆ. ಅವರು ವರ್ಷಕ್ಕೆ ಎರಡು ಸಲ ಬಂದು ನೋಡಿದರೆ ಯಂತ್ರಕ್ಕಷ್ಟೇ ಅಲ್ಲ, ಮಕ್ಕಳ ಜೀವಕ್ಕೂ ರಕ್ಷೆ.

ಮೂರನೆಯದು ಆಟ. ‘ಓದಲು ಕಳುಹಿಸಿದರೆ ಆಡಿಸುತ್ತಾರೆ’ ಎಂದು ಕೆಲವರು ಅಂದದ್ದು ನನ್ನ ಕಿವಿಗೂ ಬಿದ್ದಿದೆ. ಓಡಿ ಬೆವೆತು ಬಂದ ಮಗು ಪಾಠದಲ್ಲಿ ತೂಕಡಿಸುವುದು ಕಡಿಮೆ. ಸೋತು ಕೈ ಕುಲುಕುವುದನ್ನು ಕಲಿತ ಮಗು ಮುಂದೆ ಬದುವಿನ ಜಗಳಕ್ಕೆ ಕೋರ್ಟಿಗೆ ಓಡುವುದೂ ಕಡಿಮೆ. ಕಡ್ಡಾಯ ಶಿಕ್ಷಣದ 2009ರ ಕಾನೂನು ಪ್ರತಿ ಶಾಲೆಗೂ ಆಟದ ಬಯಲು, ಆಟದ ಸಾಮಾನು ಇರಬೇಕೆಂದು ಹೇಳಿದೆ.

ಹೆಚ್ಚು ಹಣ ಬೇಕಾಗಿಲ್ಲ. ಖೋ ಖೋ ಆಟಕ್ಕೆ ಎರಡು ಕಂಬ, ಒಂದಿಷ್ಟು ಸುಣ್ಣ ಸಾಕು. ದೊಡ್ಡವರ ಅಂಕಣವೇ 27 ಮೀಟರು ಉದ್ದ, 16 ಮೀಟರು ಅಗಲ; ನಿಮ್ಮ ಲೆಕ್ಕದಲ್ಲಿ ನಾಲ್ಕೂಕಾಲು ಗುಂಟೆ. ಮಕ್ಕಳಿಗೆ ಇನ್ನೂ ಚಿಕ್ಕದು. ಈ ಆಟದ ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆಯಿತು. ಪುರುಷರು, ಮಹಿಳೆಯರು ಎರಡರಲ್ಲಿಯೂ ಭಾರತವೇ ಗೆದ್ದಿತು. ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯ ಹಳ್ಳಿಯ ಹುಡುಗಿ ಚೈತ್ರಾ ಇದ್ದಳು. ಹೀಗಿರುವಾಗ ನಮ್ಮಲ್ಲಿ ಆರನೆಯ ತರಗತಿಗೆ ಬಂದ ಹೆಣ್ಣುಮಕ್ಕಳನ್ನು ‘ಇನ್ನು ಆಡಬೇಡ’ ಎಂದು ಮನೆಯಲ್ಲಿ ತಡೆಯುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ನೀವೇ ಯೋಚಿಸಿ.

ಕೊನೆಯದಾಗಿ, ಕೆಲವರಿಗೆ ಕಹಿಯಾಗಬಹುದಾದ ಮಾತು. ಸುಗ್ಗಿ ಬಂದಾಗ ಶಾಲೆಯ ಬಯಲು ಕಣವಾಗುತ್ತದೆ. ಬಯಲು ಊರಿನದೇ, ಅಲ್ಲವೆನ್ನುವುದಿಲ್ಲ. ಆದರೆ ಒಕ್ಕಣೆ ಮುಗಿದ ಮೇಲೆ ಮುಳ್ಳು, ಕೂಳೆ, ತಂತಿಯ ಚೂರು ಉಳಿಯುತ್ತವೆ. ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಹೋದ ಸುಗ್ಗಿಯಲ್ಲಿ ಹನ್ನೊಂದು ಗಂಟೆಯ ಬಿಡುವಿನಲ್ಲಿ ಟ್ರ್ಯಾಕ್ಟರು ಹಿಂದಕ್ಕೆ ಬಂದಾಗ ಒಂದನೆಯ ತರಗತಿಯ ಮಗುವೊಂದು ಗೇಣಿನಲ್ಲಿ ಉಳಿಯಿತು. ಓಡಿಸುತ್ತಿದ್ದವರು ಇಳಿದು, ತಲೆಯ ಮೇಲೆ ಕೈ ಹೊತ್ತು ಕೂತರು. ಅವರೂ ಇಂದು ಈ ಸಭೆಯಲ್ಲಿದ್ದಾರೆ. ಇನ್ನು ಮುಂದೆ ಕಣವನ್ನು ಕೆರೆಯ ಅಂಗಳದ ಕಡೆಗೆ ಮಾಡೋಣವೆಂದು ಮೊದಲು ಹೇಳಿದವರು ಅವರೇ. ನಾನು ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ, ಅಷ್ಟೇ.

ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು ಎಂದು ಕಾನೂನೇ ಹೇಳಿದೆ. ಅಂದರೆ ಶಾಲೆ ನಿಮ್ಮದು. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಶ್ರಮದಾನ. ಬಿಲ ಮುಚ್ಚುವುದು, ಬಯಲಿನ ಮುಳ್ಳು ಆರಿಸುವುದು, ಖೋ ಖೋ ಕಂಬ ನೆಡುವುದು. ಗುದ್ದಲಿ, ಬುಟ್ಟಿ ನೀವು ತನ್ನಿ. ಸಿಮೆಂಟನ್ನು ಉಪಾಧ್ಯಾಯರು ನಾವೆಲ್ಲ ಸೇರಿ ತಂದಿದ್ದೇವೆ. ಕಂಬ ಕೊಡುತ್ತೇನೆಂದು ಒಬ್ಬರು ಈಗಾಗಲೇ ಹೇಳಿದ್ದಾರೆ. ಹತ್ತು ಗಂಟೆಗೆ ಕೆಲಸ ಮುಗಿದರೆ ಮಕ್ಕಳು ಮೊದಲ ಆಟ ಆಡಿ ತೋರಿಸುತ್ತಾರೆ. ನೀವು ಕುಳಿತು ನೋಡಬೇಕು.