ಹಾಡು ಕೇಳಿಸುವ ಖುಷಿ

ತುಮಕೂರು ಸೀಮೆಯ ಹಿರಿಯರನ್ನು ಮಾತಿಗೆಳೆದರೆ ರಂಗಗೀತೆಯ ವಿಷಯ ಬಂದೇ ಬರುತ್ತದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ, ಮುಂದೆ ಅದನ್ನು ನಡೆಸಿದ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾಯಿತು. ಆಗ ನಟರೇ ಹಾಡಬೇಕು. ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಅಂತ ಕೂಗುತ್ತಿದ್ದರು. ಕಥೆ ನಿಲ್ಲುತ್ತಿತ್ತು, ಹಾಡು ಮತ್ತೆ ಮೊದಲಾಗುತ್ತಿತ್ತು. ಮೆಚ್ಚಿದವರ ಖುಷಿಗಾಗಿ ಉಳಿದವರೆಲ್ಲ ಕಾಯುತ್ತಿದ್ದರಲ್ಲ, ನನಗೆ ಅದು ಬಹಳ ದೊಡ್ಡದು ಅನ್ನಿಸುತ್ತದೆ.

ಈಗ ಕುಣಿಗಲ್ ಬಸ್ಸಿನಲ್ಲಿ ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಹಾಡು. ಮೊನ್ನೆ ಹುಡುಗಿಯೊಬ್ಬಳು ಇಯರ್‌ಫೋನಿನ ಒಂದು ತುದಿಯನ್ನು ಪಕ್ಕದ ಅಜ್ಜಿಗೆ ಕೊಟ್ಟಳು. "ಈಗ ಪಿಟೀಲು ಬರುತ್ತೆ, ಕೇಳಿ ಅಜ್ಜಿ. ಅದಕ್ಕೇ ಈ ಹಾಡು ನಂಗಿಷ್ಟ." ಅಜ್ಜಿ ತಲೆದೂಗಿದರು. "ನಮ್ಮ ಕಾಲದ್ದೊಂದು ಹಾಕ್ತೀಯೇನವ್ವ?" ಅಂದರು. ಯಾವ ಹಾಡು, ಯಾಕೆ ಅನ್ನುವ ಮಾತಿನಲ್ಲೇ ಬಸ್ಸು ಹೆಬ್ಬೂರು ದಾಟಿತು.